ಸಾರು ಆಮೇಲೆ, ಮೊದಲು ಮೀನು ನೋಡಿ: ಕೋಲಾರದಲ್ಲಿ ನನ್ನ ಮೀನು ಖರೀದಿ

ನಮ್ಮನೇಲಿ ಮೀನು ತರೋದು ನಾನೇ. ಮದುವೆ ಆದ ಹೊಸದ್ರಲ್ಲಿ ನಮ್ಮ ಯಜಮಾನ್ರು ತರ್ತಿದ್ರು, ಬಂಗುಡೆ ಒಂದು ಕೆಜಿ ಅಂದ್ರೆ ಒಂದು ಕೆಜಿ ಬಂಗುಡೆ ಕವರ್‌ನಲ್ಲಿ ಬರೋದು, ಅದು ಹೆಂಗಿದೆ ಅಂತ ನೋಡೋ ಪದ್ಧತಿನೇ ಇಲ್ಲ. ಅವರನ್ನ ಬೈದು ನಾನೇ ಹೋಗೋಕೆ ಶುರು ಮಾಡ್ದೆ, ಆದ್ರೆ ದೊಡ್ಡ ತಪ್ಪು ಮಾಡಿದ್ದೂ ನಾನೇ.

ಒಂದು ಜೂನ್ ತಿಂಗಳು ನಾದಿನಿ ಬಂದಿದ್ಳು, ಬಂಗುಡೆ ಫ್ರೈ ಬೇಕು ಅಂದ್ಳು, ನಾನು ಹಿಂದಿನ ರಾತ್ರಿನೇ ಬ್ಯಾಡಗಿ ಮೆಣಸಿನಕಾಯಿ ನೆನೆಹಾಕಿ ಮಸಾಲೆ ರುಬ್ಬಿಟ್ಟಿದ್ದೆ. ಬೆಳಿಗ್ಗೆ ಅಂಗಡಿಗೆ ಹೋದ್ರೆ ಬಂಗುಡೆ ಕಣ್ಣು ಗುಳಿ ಬಿದ್ದಿದೆ, ಹೊಟ್ಟೆ ಮೆತ್ತಗಿದೆ, ಗೊತ್ತಾಗ್ತಿದೆ ನಂಗೆ, ಆದ್ರೂ ಮಸಾಲೆ ರೆಡಿ ಇದೆಯಲ್ಲ ಅಂತ ತಗೊಂಡ್ಬಿಟ್ಟೆ. ತಿಂದು ಅರ್ಧ ಗಂಟೆ ಆಗಿಲ್ಲ, ಇಬ್ಬರಿಗೂ ಮುಖ ಕೆಂಪಗಾಗಿ ಮೈಯೆಲ್ಲ ನವೆ, ಎದೆ ಢವಢವ. ಡಾಕ್ಟ್ರು ಇಂಜೆಕ್ಷನ್ ಕೊಟ್ಟು ಹೇಳಿದ್ರು, ಬಂಗುಡೆ, ಟ್ಯೂನಾ ತರದ ಮೀನು ಐಸ್ ಇಲ್ದೆ ಬಿದ್ದಿದ್ರೆ ಅದ್ರಲ್ಲಿ ಹಿಸ್ಟಮಿನ್ ಅಂತ ಅಲರ್ಜಿ ತರ ಮೈಗೆ ತೊಂದ್ರೆ ಕೊಡೋ ಒಂದು ವಸ್ತು ಆಗುತ್ತೆ, ಒಂದ್ಸಲ ಆದ್ರೆ ಎಷ್ಟು ಕುದಿಸಿದ್ರೂ ಹುರಿದ್ರೂ ಹೋಗಲ್ಲ ಅಂತ. ಚೆನ್ನಾಗಿ ಬೇಯಿಸಿದ್ರೆ ಏನೂ ಆಗಲ್ಲ ಅನ್ನೋ ನನ್ನ ನಂಬಿಕೆ ಅವತ್ತೇ ಹೋಯ್ತು.

ಆಮೇಲೆ ಲೆಕ್ಕ ಹಾಕಿದ್ರೆ ನಗು ಬಂತು. ನಮ್ಮ ಕರಾವಳೀಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟ್ ಕಡಲಿಗೆ ಇಳಿಯೋ ಹಂಗಿಲ್ಲ, ಚೆನ್ನೈ ಕಡೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ಬಂದ್. ಅಂದ್ರೆ ಜೂನ್ ಮೊದಲ ಎರಡು ವಾರ ಎರಡೂ ಕಡೆ ದೊಡ್ಡ ಬೋಟ್ ಇಲ್ಲ, ಮಂಗಳೂರು ಇಲ್ಲಿಂದ 400 ಕಿಲೋಮೀಟರ್ ಮೇಲೆ, ಆ ಟೈಮಲ್ಲಿ ಕೋಲಾರದಲ್ಲಿ ಫ್ರೆಶ್ ಬಂಗುಡೆ ಅಂತ ಕೂಗ್ತಿದ್ರೆ ಅದು ಎಲ್ಲಿಂದ ಬಂದಿರುತ್ತೆ ನೀವೇ ಯೋಚ್ನೆ ಮಾಡಿ. ಕೋಲ್ಡ್ ಸ್ಟೋರೇಜ್ ಮೀನು ಕೆಟ್ಟದ್ದು ಅಂತಲ್ಲ, ಒಂದ್ಸಲ ಐಸ್ ಬಿಟ್ಟು ಮತ್ತೆ ಐಸ್ ಹಾಕಿದ್ದು ಕೆಟ್ಟದ್ದು. ಅದಕ್ಕೇ ಈಗ ಆ ಎರಡು ತಿಂಗಳು ಸಮುದ್ರದ ಮೀನು ಮುಟ್ಟಲ್ಲ, ಮತ್ತೆ ಮಸಾಲೆ ಮೊದಲೇ ರುಬ್ಬಲ್ಲ. ಮೀನು ಮನೆಗೆ ಬಂದ್ಮೇಲೇನೇ ಏನು ಮಾಡೋದು ಅಂತ ತೀರ್ಮಾನ.

ನಾನು ಜಾಸ್ತಿ ತರೋದು ಕೆರೆ ಮೀನು. ನಮ್ಮಪ್ಪ ಬಂಗಾರಪೇಟೆ ಕಡೆ ಹಳ್ಳಿಯೋರು, ಕೆರೆ ನೀರು ಇಳಿದಾಗ ಬಲೆ ಹಾಕ್ತಿದ್ರು, ಅವರ ಜೊತೆ ಸುತ್ತಾಡಿ ಮೀನಿನ ಬಾಯಿ ನೋಡೋದು ಕಲ್ತೆ. ಕಾಟ್ಲಾಗೆ ದಪ್ಪ ತಲೆ, ಬಾಯಿ ಮೇಲಕ್ಕೆ ತಿರುಗಿರುತ್ತೆ, ಅದು ನೀರಿನ ಮೇಲ್ಗಡೆ ಮೇಯುತ್ತೆ. ರೋಹು ಮಧ್ಯದಲ್ಲಿ. ಮೃಗಾಲ್ ಬಾಯಿ ಕೆಳಕ್ಕೆ, ಅದೂ ಮೀಸೆ ಇರೋ ಸಾಮಾನ್ಯ ಗೆಂಡೆನೂ ತಳದ ಕೆಸರು ಕೆದಕಿ ತಿನ್ನೋವು, ಮಣ್ಣು ವಾಸನೆ ಬಂದ್ರೆ ನಂಗೆ ಹೆಚ್ಚಾಗಿ ಇವೆರಡರಲ್ಲೇ ಬಂದಿದೆ. ಆಂಧ್ರದಿಂದ ಬರೋ ಲೋಡ್ ಮಾರೋರು ಕಾಟ್ಲಾನ ಬೊಚ್ಚೆ ಅಂತಾರೆ, ರೋಹುನ ಶೀಲಾವತಿ ಅಂತಾರೆ, ಬೇರೆ ಮೀನು ಅಂದ್ಕೊಂಡು ಜಾಸ್ತಿ ದುಡ್ಡು ಕೊಡಬೇಡಿ.

ಅಂಗಡೀಲಿ ಎಲ್ಲರೂ ಮೊದಲು ಕಿವಿರು ಎತ್ತಿ ತೋರಿಸ್ತಾರೆ, 'ನೋಡಕ್ಕ, ರಕ್ತ ಹಂಗೇ ಇದೆ' ಅಂತ. ನಾನು ಅಲ್ಲಿಂದ ಶುರು ಮಾಡಲ್ಲ. ಎಷ್ಟೋ ಕಡೆ ಬೇರೆ ಮೀನಿನ ರಕ್ತ ಬಳಿದಿರ್ತಾರೆ. ಮೊದಲು ಬಾಲದ ಹತ್ರ ಹಿಡಿದು ಅಡ್ಡಕ್ಕೆ ಎತ್ತಿಸ್ತೀನಿ, ಸತ್ತು ಕೆಲವೇ ಗಂಟೆ ಆಗಿದ್ರೆ ಕೋಲಿನ ತರ ಸೆಟೆದು ನಿಂತಿರುತ್ತೆ, ಹಳೇದು ಒದ್ದೆ ಟವೆಲ್ ತರ ಜೋತಾಡುತ್ತೆ. ಆಮೇಲೆ ಹೆಬ್ಬೆಟ್ಟಲ್ಲಿ ಬೆನ್ನ ಹತ್ರ ಒತ್ತೋದು, ಗುಳಿ ತಕ್ಷಣ ತುಂಬ್ಕೋಬೇಕು. ಆಮೇಲೆ ಕಿವಿರು, ಬಣ್ಣ ನೋಡೋದಲ್ಲ, ಬೆರಳಾಡಿಸಿ ಮೂಗಿಗೆ ಹಿಡಿಯೋದು. ಕೆರೆ ಮೀನಾದ್ರೆ ಪಾಚಿ ನೀರಿನ ವಾಸನೆ ಬರುತ್ತೆ, ಅದು ಪರವಾಗಿಲ್ಲ, ಹುಳಿ ಹುಳಿ ವಾಸನೆ ಬಂದ್ರೆ ಬಿಟ್ಟು ನಡೀರಿ. ಬೆರಳಿಗೆ ಬಣ್ಣ ಹತ್ತಿ, ಲೋಳೆ ದಪ್ಪಗೆ ಅಂಟಂಟು ಇದ್ರೂ ಬೇಡ. ಕಣ್ಣು ಉಬ್ಬಿ ಹೊಳೀತಿರಬೇಕು ಅಂತಾರೆ, ನಿಜಾನೇ, ಆದ್ರೆ ಐಸ್ ಮೇಲೆ ಒತ್ತಿ ಮಲಗಿದ್ದ ಮೀನಿನ ಕಣ್ಣು ಮಂಜಾಗಿರುತ್ತೆ, ಅದೊಂದೇ ನೋಡಿ ಬಿಡಲ್ಲ ನಾನು. ಬೂತಾಯಿ (ಮತ್ತಿ ಮೀನು) ತಗೊಳ್ಳೋವಾಗ ಮಾತ್ರ ಹೊಟ್ಟೆ ನೋಡ್ತೀನಿ, ಒಂದೆರಡು ಹೊಟ್ಟೆ ಒಡೆದಿದ್ರೂ ಆ ಬುಟ್ಟಿನೇ ಬೇಡ.

ಪೀಸ್ ಮಾಡಿಟ್ಟಿದ್ದು ಎಷ್ಟು ಕಡಿಮೆ ರೇಟಿಗೆ ಕೊಟ್ರೂ ತಗೊಳ್ಳಲ್ಲ, ತಲೆ ಇಲ್ದೆ ಏನು ನೋಡೋದು? ಒಂದೂವರೆಯಿಂದ ಎರಡು ಕೆಜಿ ಕಾಟ್ಲಾ ಇಡಿಯಾಗಿ ತೂಕ ಹಾಕ್ಸಿ ಕಣ್ಣೆದುರೇ ಕಟ್ ಮಾಡಿಸ್ತೀನಿ, ತಲೆ, ಗೆಂಡೆ ಆದ್ರೆ ಮೊಟ್ಟೆ, ಎಲ್ಲ ಕೇಳಿ ಹಾಕಿಸ್ಕೊಳ್ತೀನಿ, ಇಲ್ದಿದ್ರೆ ಪಕ್ಕದ ಬಕೆಟ್‌ಗೆ ಹೋಗುತ್ತೆ. ಪಿತ್ತ ಒಡೆಯದಂಗೆ ತೆಗಿ ಅಣ್ಣ ಅಂತ ಒಂದ್ಮಾತು ಹೇಳಿ, ಒಡೆದ್ರೆ ಸಾರೆಲ್ಲ ಕಹಿ.

ನೊಣ ಕೂತ್ರೆ ಒಳ್ಳೇ ಮೀನು, ಕೂರಲಿಲ್ಲ ಅಂದ್ರೆ ಫಾರ್ಮಾಲಿನ್ (ಹೆಣ ಕೆಡದಂಗೆ ಇಡೋಕೆ ಬಳಸೋ ಕೆಮಿಕಲ್) ಹಾಕಿದ್ದು ಅಂತ ನಮ್ಮ ಪಕ್ಕದ್ಮನೆಯೋರು ಹೇಳ್ತಾರೆ. 2018ರಲ್ಲಿ ಕೇರಳದಲ್ಲಿ ಫಾರ್ಮಾಲಿನ್ ಹಾಕಿದ ಮೀನು ಲೋಡ್‌ಗಟ್ಟಲೆ ಹಿಡಿದಿದ್ರಲ್ಲ, ಆವಾಗಿಂದ ಈ ಭಯ. ಆದ್ರೆ ಐಸ್ ತುಂಬಿದ್ರೂ ನೊಣ ಬರಲ್ಲ, ಹಂಗಾಗಿ ನೊಣದ ಲೆಕ್ಕ ನಾನು ಬಿಟ್ಟಿದೀನಿ. ಮೀನು ರಬ್ಬರ್ ತರ ಗಟ್ಟಿ ಇದ್ದು, ಕಣ್ಣು ಒಣಗಿ, ಮೀನಿನ ವಾಸನೆನೇ ಇಲ್ಲ ಅಂದ್ರೆ ಮಾತ್ರ ಅನುಮಾನ ಪಡ್ತೀನಿ.

ಟಬ್‌ನಲ್ಲಿ ಜೀವಂತ ಇಟ್ಕೊಂಡು ಮಾರೋ ಜಿಲೇಬಿ ಮೀನು (ತಿಲಾಪಿಯಾ) ನಂಗಿಷ್ಟ, ಸೈಡಿಗೆ ವಾಲಿ ಬಾಯಿ ಬಿಡ್ತಿರೋದನ್ನ ಬಿಟ್ಟು ಓಡಾಡೋದನ್ನ ಹಿಡಿಸ್ತೀನಿ. ಹುರುಪೆನೇ ಇಲ್ದೆ ಕಪ್ಪಗೆ ಉದ್ದ ಮೀಸೆ ಇರೋ ಆಫ್ರಿಕನ್ ಕ್ಯಾಟ್‌ಫಿಶ್ ಕೂಡ ಜೀವಂತವಾಗೇ ಸಿಗುತ್ತೆ, ಅಗ್ಗ ಬೇರೆ, ಅದರ ಸಾಕಣೆನೇ ನಿಷೇಧ, ಕೋಳಿ ಅಂಗಡಿ ವೇಸ್ಟ್ ಹಾಕಿ ಬೆಳೆಸ್ತಾರೆ ಅಂತ ಗೊತ್ತಾದ್ಮೇಲೆ ನಮ್ಮನೇಲಿ ಯಾರಿಗೂ ಗಂಟಲಲ್ಲಿ ಇಳಿಯಲ್ಲ.

ಇನ್ನೊಂದು ಪ್ರಶ್ನೆ ಕೋಲಾರದೋರು ಕೇಳಲೇಬೇಕಾದ್ದು: ಯಾವ ಕೆರೇದು? 2018ರಿಂದ ಕೆಸಿ ವ್ಯಾಲಿ (ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದು ಅಲ್ಲಿಂದ ಒಂದೊಂದೇ ಕೆರೆ ತುಂಬಿತು, ಬತ್ತಿದ್ದ ಬೋರ್‌ವೆಲ್‌ಗೆ ನೀರು ಬಂತು, ಅದನ್ನ ನಾನು ಇಲ್ಲ ಅನ್ನಲ್ಲ. ಆದ್ರೆ ಅದು ಬೆಂಗಳೂರಿನ ಕೊಳಚೆ ಎರಡು ಹಂತ ಶುದ್ಧಿ ಮಾಡಿದ ನೀರು, ಮೂರನೇ ಹಂತ ಮಾಡಿ ಅಂತ ಇಲ್ಲಿ ಹೋರಾಟನೇ ನಡೀತು. ಆ ಕೆರೆಗಳ ಮೀನಿಗೆ ನನ್ನ ಮನಸ್ಸು ಒಪ್ಪಲ್ಲ, ಮಳೆ ನೀರಿನ ಕೆರೆ ಅಂದ್ರೆ ತಗೊಳ್ತೀನಿ. ಮಾರೋನು ಸುಳ್ಳು ಹೇಳಬಹುದು, ಅದಕ್ಕೆ ಒಬ್ಬನ ಹತ್ರಾನೇ ವರ್ಷಗಟ್ಟಲೆ ತಗೊಳ್ತಿದೀನಿ, 'ಅಕ್ಕ ಇವತ್ತು ಬೇಡ, ಮುಂದಿನ ವಾರ ಬಾ' ಅಂತ ಅವನೇ ವಾಪಸ್ ಕಳಿಸಿದ್ದೂ ಇದೆ.

ಹೋದ ಭಾನುವಾರ ಹಂಗೇ ಆಯ್ತು. ಕಾಟ್ಲಾ ತಲೆ ಸಾರು ಅಂತ ಮನೇಲೆಲ್ಲ ಕಾಯ್ತಿದ್ರು, ಅಲ್ಲಿದ್ದ ಕಾಟ್ಲಾ ಎತ್ತಿದ್ರೆ ಜೋತಾಡ್ತು. ಅಂಗೈ ಅಗಲದ ಜಿಲೇಬಿ ಒಂದೂವರೆ ಕೆಜಿ ಸ್ಟೀಲ್ ಡಬ್ಬೀಲಿ ಐಸ್ ಹಾಕಿಸ್ಕೊಂಡು ಬಂದು, ಕಲ್ಲುಪ್ಪು ಅರಿಶಿಣ ಹಾಕಿ ಉಜ್ಜಿ ತೊಳೆದು, ಹುಣಸೆಹುಳಿ ಸ್ವಲ್ಪ ಜಾಸ್ತಿ ಬಿಟ್ಟು ಸಾರು ಮಾಡ್ದೆ. ಮುಳ್ಳು ಅಂತ ಗೊಣಗ್ತಾನೇ ಯಜಮಾನ್ರು ಎರಡನೇ ಮುದ್ದೆ ಹಾಕಿಸ್ಕೊಂಡ್ರು.