ಕೊಡೆ ಹಿಡಿದವರ ಲೆಕ್ಕ: ನೋಂದಣಿಯಿಲ್ಲದ ಏಳು ಗುಂಪು, ಒಂದು ಟ್ರಸ್ಟು

ನೋಂದಣಿಯಿಲ್ಲದ ಗುಂಪುಗಳ ದುಡ್ಡನ್ನು ನಮ್ಮ ಟ್ರಸ್ಟಿನ ಮೂಲಕ ನಡೆಸುತ್ತೇವೆ ಎಂದಾಗ ಎಲ್ಲರೂ ಹೇಳಿದ್ದು ಒಂದೇ ಮಾತು: "ಬೇಡ ಮಾರಾಯ್ರೆ, ಕೊನೆಗೆ ನಿಮ್ಮದೇ 12ಎಬಿ ಹೋಗ್ತದೆ." 12ಎಬಿ ಎಂದರೆ ಟ್ರಸ್ಟಿಗೆ ಆದಾಯ ತೆರಿಗೆ ವಿನಾಯಿತಿ ಕೊಡುವ ನೋಂದಣಿ. ಈಗ ಏಳು ಗುಂಪುಗಳ ದುಡ್ಡು ನಮ್ಮ ಟ್ರಸ್ಟಿನ ಪುಸ್ತಕದಲ್ಲಿ ಓಡುತ್ತಾ ಉಂಟು. ಮೂರು ಕಟ್ಟ (ತೋಡಿಗೆ, ಅಂದರೆ ಹಳ್ಳಕ್ಕೆ, ಅಡ್ಡ ಹಾಕುವ ತಾತ್ಕಾಲಿಕ ಒಡ್ಡು), ಒಂದು ಮದಕ (ಮಳೆನೀರು ನಿಲ್ಲಿಸುವ ಕೆರೆ), ಒಂದು ಸುರಂಗದ (ನೀರಿಗಾಗಿ ಗುಡ್ಡಕ್ಕೆ ಅಡ್ಡ ಕೊರೆದದ್ದು) ರಿಪೇರಿ, ಒಂದು ಮಕ್ಕಳ ಯಕ್ಷಗಾನ, ಒಂದು ವಾಚನಾಲಯ. ನಾಲ್ಕು ವರ್ಷದ ಆಡಿಟ್ ಮುಗಿಯಿತು. ಕೈದಾಟಿದ ಮೊತ್ತ ಅಂದಾಜು 30 ಲಕ್ಷ. ಆದಾಯ ತೆರಿಗೆಯವರಿಂದ ಬಂದ ಪ್ರಶ್ನೆ ಒಂದೇ, ಅದೂ ಒಬ್ಬ ದಾನಿಯ ಪ್ಯಾನಿನಲ್ಲಿ ಒಂದು ಅಕ್ಷರ ತಪ್ಪಿದ್ದಕ್ಕೆ. ಬೇಡ ಎಂದವರಲ್ಲಿ ಇಬ್ಬರು ಈಗ ನಮ್ಮ ಒಪ್ಪಂದದ ಪ್ರತಿ ಕೇಳಿ ಒಯ್ದಿದ್ದಾರೆ.

ಅಮೆರಿಕದಲ್ಲಿ ಇದಕ್ಕೆ ಫಿಸ್ಕಲ್ ಸ್ಪಾನ್ಸರ್‌ಶಿಪ್ ಎನ್ನುತ್ತಾರೆ. ನಾವು ಕೊಡೆ ಎನ್ನುತ್ತೇವೆ. ಕೆಳಗೆ ಬರುವ ಸೆಕ್ಷನ್, ಫಾರ್ಮ್ ಸಂಖ್ಯೆಗಳೆಲ್ಲ ಹಳೇ ಆದಾಯ ತೆರಿಗೆ ಕಾಯ್ದೆಯವು. 2026ರ ಏಪ್ರಿಲಿನಿಂದ ಹೊಸ ಕಾಯ್ದೆ ಬಂದಿದ್ದರೂ ನಮ್ಮೆಲ್ಲರ ಬಾಯಲ್ಲಿ ಇರುವುದು ಹಳೇ ನಂಬ್ರವೇ.

ಮೊದಲ ವರ್ಷ ಮಾಡಿದ್ದು ಶುದ್ಧ ಮೂರ್ಖತನ. ಕಟ್ಟದ ಗುಂಪಿಗೆ ಬಂದ 1.8 ಲಕ್ಷವನ್ನು ಹಾಗೇ ಅವರ ಕಾರ್ಯದರ್ಶಿಯ ಎಸ್‌ಬಿ ಖಾತೆಗೆ ಹಾಕಿದೆವು. ಕಟ್ಟ ಚೆನ್ನಾಗಿಯೇ ಆಯಿತು, ನೀರೂ ನಿಂತಿತು. ಆಡಿಟಿಗೆ ಕೂತಾಗ ಟ್ರಸ್ಟಿನ ಹೆಸರಲ್ಲಿ ಒಂದು ಬಿಲ್ಲೂ ಇಲ್ಲ. ಪುಸ್ತಕದಲ್ಲಿ ಇದ್ದದ್ದು ಒಬ್ಬ ಖಾಸಗಿ ವ್ಯಕ್ತಿಗೆ ಹೋದ ಇಡಿಗಂಟು, ಅಷ್ಟೆ. ಹಿಂದೆ ಓಡಾಡಿ ಹೊಂದಿಸಿದರೂ 60 ಸಾವಿರ ಚಿಲ್ಲರೆಗೆ ಚೀಟಿ ಸಿಗಲಿಲ್ಲ. ವರ್ಷದ ಆದಾಯದಲ್ಲಿ 15 ಶೇಕಡಾವನ್ನು ಟ್ರಸ್ಟು ಖರ್ಚು ತೋರಿಸದೆ ಇಟ್ಟುಕೊಳ್ಳಬಹುದು, ಅದು ಆ 15 ಶೇಕಡಾದೊಳಗೆ ಬಿದ್ದದ್ದರಿಂದ ತೆರಿಗೆ ತಪ್ಪಿತು. ಪುಣ್ಯ, ಜಾಣತನ ಅಲ್ಲ.

ಆಮೇಲೆ ಕ್ರಮವನ್ನೇ ತಿರುಗಿಸಿದೆವು. ಹಣ ಗುಂಪಿಗೆ ಹೋಗುವುದೇ ಇಲ್ಲ, ಕೆಲಸವೇ ಟ್ರಸ್ಟಿನದ್ದಾಗುತ್ತದೆ. ಟ್ರಸ್ಟಿಗಳ ಸಭೆಯಲ್ಲಿ ನಿರ್ಣಯ ಮಾಡಿ ಗುಂಪಿನ ಮೂರು ಅಥವಾ ಐದು ಜನರನ್ನು ಉಪಸಮಿತಿ ಎಂದು ಬರೆಯುತ್ತೇವೆ. ಎರಡು ಪುಟದ ಒಪ್ಪಂದದಲ್ಲಿ ಮುಖ್ಯ ಸಾಲು ಇದು: ಯಾವುದಕ್ಕೆ ಎಷ್ಟು ಎಂದು ಉಪಸಮಿತಿ ಶಿಫಾರಸು ಮಾಡುತ್ತದೆ, ಪಾವತಿ ಟ್ರಸ್ಟು ಮಾಡುತ್ತದೆ, ಬೇಡ ಎನ್ನುವ ಹಕ್ಕು ಟ್ರಸ್ಟಿಗೆ ಇರುತ್ತದೆ. ಈ ಹಕ್ಕು ಕಾಗದದಲ್ಲಿ ಇಲ್ಲದಿದ್ದರೆ ನೀವು ಬರೀ ಹಣ ದಾಟಿಸುವ ಓಣಿ. ಅದಕ್ಕೂ ಮೊದಲು ನಿಮ್ಮ ಡೀಡ್ (ಟ್ರಸ್ಟಿನ ಸ್ಥಾಪನಾ ಪತ್ರ) ತೆಗೆದು ಓದಿ. ನಮ್ಮದರಲ್ಲಿ ಶಿಕ್ಷಣ, ಕಲೆ ಇತ್ತು, ಜಲಸಂರಕ್ಷಣೆ ಇರಲಿಲ್ಲ. ಉದ್ದೇಶಕ್ಕೆ ಹೊಸ ಸಾಲು ಸೇರಿಸಿದರೆ 30 ದಿನದೊಳಗೆ ತೆರಿಗೆ ಇಲಾಖೆಗೆ 10ಎಬಿ ಅರ್ಜಿ ಹಾಕಬೇಕು. ಒಬ್ಬ ಸ್ನೇಹಿತರ ಟ್ರಸ್ಟು ಇದನ್ನು ಮರೆತು ಇಡೀ ವರ್ಷ ಒದ್ದಾಡಿತು.

ಮಾತು ಕೆಡುವುದು ಹೆಚ್ಚಾಗಿ ಕೂಲಿಯ ಹತ್ತಿರ. ಒಬ್ಬನಿಗೆ ಒಂದು ದಿನದಲ್ಲಿ 10 ಸಾವಿರಕ್ಕಿಂತ ಹೆಚ್ಚು ನಗದು ಕೊಟ್ಟರೆ ಅದು ಖರ್ಚೆಂದು ಗಣನೆಗೆ ಬರುವುದಿಲ್ಲ. ಎಂಟು ಆಳು, ನಾಲ್ಕು ದಿನ, ತಲೆಗೆ ಸಾವಿರ ಹಿಡಿಯಿರಿ. ಇಡೀ 32 ಸಾವಿರವನ್ನು ಮೇಸ್ತ್ರಿಯ ಕೈಗೆ ಕೊಟ್ಟು "ಹಂಚಿಕೊಳ್ಳಿ" ಎಂದರೆ ಅಷ್ಟೂ ಹೋಯಿತು. ಅವನ ಖಾತೆಗೇ ಹಾಕಿದರೆ ನಗದಿನ ತಕರಾರು ಇಲ್ಲ, ಆದರೆ 30 ಸಾವಿರ ದಾಟಿದ್ದರಿಂದ ಗುತ್ತಿಗೆ ಪಾವತಿಯ 194ಸಿ ಸೆಕ್ಷನ್ ಪ್ರಕಾರ 1 ಶೇಕಡಾ ಟಿಡಿಎಸ್ (ಕೊಡುವಾಗಲೇ ಮುರಿದುಕೊಳ್ಳುವ ತೆರಿಗೆ) ಹಿಡಿಯಬೇಕು. 320 ರೂಪಾಯಿಗೆ ಮೇಸ್ತ್ರಿ ಮುಖ ತಿರುಗಿಸುತ್ತಾನೆ, ತ್ರೈಮಾಸಿಕ ರಿಟರ್ನ್ ನಮ್ಮ ತಲೆಗೆ ಬರುತ್ತದೆ. ನಾವು ಆಳಿಗೊಂದು ಸಾಲು, ದಿನಕ್ಕೊಂದು ಸಹಿ ಎಂದು ಮಸ್ಟರ್ ಹಿಡಿದು ನೇರವಾಗಿ ಕೊಡುತ್ತೇವೆ. ಸಂಜೆ ಅರ್ಧ ಗಂಟೆ ಹೆಚ್ಚು ಹಿಡಿಯುತ್ತದೆ.

ವೋಚರಿನ ಬಗ್ಗೆ ಹೇಳಲೇಬೇಕು. ನಾವಿರುವುದು ಕೇರಳದ ಗಡಿಯಲ್ಲಿ. ಗುಂಪಿನವರು ಬರೆಯುವುದು ಕನ್ನಡದಲ್ಲಿ, ನಮ್ಮ ಆಡಿಟರಿಗೆ ಓದಲು ಬರುವುದು ಮಲಯಾಳ, ಸಾಮಾನು ಬರುವುದು ವಿಟ್ಲ, ಪುತ್ತೂರಿನಿಂದ. ಮೊದಲ ಎರಡು ವರ್ಷ ಪ್ರತಿ ಚೀಟಿಗೂ ಫೋನಿನಲ್ಲಿ ಅನುವಾದ ಹೇಳಿದ್ದೇ ಕೆಲಸ. ಈಗ ಒಂದೇ ಹಾಳೆ. ಎಡಕ್ಕೆ ಕನ್ನಡ, ಬಲಕ್ಕೆ ಅದೇ ಅಂಕಣ ಮಲಯಾಳದಲ್ಲಿ. ಮೇಲೆ ಟ್ರಸ್ಟಿನ ಹೆಸರು, ಅದರ ಕೆಳಗೆ ದಪ್ಪಕ್ಷರದಲ್ಲಿ ಪ್ರಾಜೆಕ್ಟ್ ಕೋಡ್: ಕ-1, ಕ-2, ಮ-1, ಯ-1. ಮೊತ್ತ ಅಂಕಿಯಲ್ಲೂ ಅಕ್ಷರದಲ್ಲೂ. ಕೆಳಗೆ ಮೂರು ಸಹಿ: ಹಣ ತೆಗೆದುಕೊಂಡವನದ್ದು, ಉಪಸಮಿತಿಯದ್ದು, ನಮ್ಮದು. 100 ಹಾಳೆಯ ಪುಸ್ತಕ, ಕಾರ್ಬನ್ ಪ್ರತಿ ಸಮೇತ, 130 ರೂಪಾಯಿಯ ಹತ್ತಿರ ಬಿತ್ತು. ಕೋಡ್ ಬರೆಯದ ವೋಚರಿಗೆ ದುಡ್ಡಿಲ್ಲ. ಮೊದಲ ತಿಂಗಳು ಜಗಳ ಆಯಿತು, ಎರಡನೆಯ ತಿಂಗಳಿಗೆ ಅಭ್ಯಾಸ ಆಯಿತು. ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿಯಲ್ಲಿ ಇದೇ ಕೋಡ್ ಕಾಸ್ಟ್ ಸೆಂಟರ್, ಅಂದರೆ ಪ್ರತಿ ಪ್ರಾಜೆಕ್ಟಿನ ಲೆಕ್ಕ ಬೇರೆ ಬೇರೆ ಸಿಗುತ್ತದೆ. ಬ್ಯಾಂಕ್ ಖಾತೆ ಒಂದೇ. ಪ್ರಾಜೆಕ್ಟಿಗೊಂದು ಖಾತೆ ಎಂದು ಹೊರಟು ಮೂರು ತೆರೆದಿದ್ದೆವು. ಮಿನಿಮಮ್ ಬ್ಯಾಲೆನ್ಸು, ಸಹಿದಾರರ ಕೆವೈಸಿ, ಬ್ಯಾಂಕಿನ ಸುತ್ತಾಟ ಸಾಕುಸಾಕಾಗಿ ಮುಚ್ಚಿದೆವು.

ನಾವು ತೆಗೆದುಕೊಳ್ಳುವ ಪಾಲಿನ ವಿಷಯ. ಮೊದಲು 5 ಶೇಕಡಾ ಎಂದೆವು, ಕೇಳಲು ಚಂದ ಎಂದು. ವರ್ಷಕ್ಕೆ 9 ಲಕ್ಷ ಹರಿದರೆ ಸಿಕ್ಕಿದ್ದು 45 ಸಾವಿರ. ಖರ್ಚು? ಲೆಕ್ಕ ಬರೆಯುವ ಹುಡುಗಿಗೆ ತಿಂಗಳಿಗೆ 4 ಸಾವಿರದ ಹಾಗೆ 48, ಆಡಿಟಿಗೆ 18, ಸಾಫ್ಟ್‌ವೇರ್, ಮುದ್ರಣ 15, ಓಡಾಟ 6. ಒಟ್ಟು 87 ಸಾವಿರ. ಅಂದರೆ 42 ಸಾವಿರ ನಮ್ಮದೇ ಕಿಸೆಯಿಂದ. ಈಗ 9 ಶೇಕಡಾ, ಮತ್ತು ಎಷ್ಟೇ ಚಿಕ್ಕ ಪ್ರಾಜೆಕ್ಟಾದರೂ ವರ್ಷಕ್ಕೆ ಕನಿಷ್ಠ 3 ಸಾವಿರ. 20 ಸಾವಿರದ ವಾಚನಾಲಯಕ್ಕೂ 2 ಲಕ್ಷದ ಕಟ್ಟಕ್ಕೂ ಕಾಗದದ ಕೆಲಸ ಸರಿಸುಮಾರು ಅಷ್ಟೇ. ಒಂದು ಎಚ್ಚರಿಕೆ: ಇದನ್ನು ‘ಸೇವಾ ಶುಲ್ಕ’ ಎಂದು ರಶೀದಿ ಬರೆಯಬೇಡಿ. ಹೊರಗಿನವರಿಗೆ ಸೇವೆ ಮಾರಿದ ಹಾಗೆ ಕಾಣುತ್ತದೆ, ಜಿಎಸ್‌ಟಿಯ ಮಾತು ಬರುತ್ತದೆ, ಸಾರ್ವಜನಿಕ ಉಪಯೋಗದ ಬಾಬ್ತಿನ ಟ್ರಸ್ಟಾದರೆ ವ್ಯವಹಾರದ ಗಳಿಕೆ ಒಟ್ಟು ಜಮೆಯ 20 ಶೇಕಡಾ ದಾಟಬಾರದು ಎಂಬ ಮಿತಿಯ ಲೆಕ್ಕಕ್ಕೂ ಸೇರಬಹುದು. ಟ್ರಸ್ಟಿನದೇ ಪ್ರಾಜೆಕ್ಟು ಎಂದ ಮೇಲೆ ಅದು ಆಡಳಿತ ವೆಚ್ಚದ ಹಂಚಿಕೆ, ಪುಸ್ತಕದೊಳಗಿನ ಒಂದು ಜರ್ನಲ್ ಎಂಟ್ರಿಯಲ್ಲಿ ಮುಗಿಯುತ್ತದೆ.

ಸಿಎಸ್‌ಆರ್ (ಕಂಪನಿಗಳು ಸಾಮಾಜಿಕ ಕೆಲಸಕ್ಕೆ ಕೊಡುವ) ಹಣದವರು "5 ಶೇಕಡಾ ಮಾತ್ರ ಆಡಳಿತಕ್ಕೆ" ಎಂದು ಹೆದರಿಸುತ್ತಾರೆ. ಆ 5 ಶೇಕಡಾ ಕಂಪನಿಯ ಸ್ವಂತ ಆಡಳಿತ ವೆಚ್ಚದ ಮಿತಿ, ಕೆಲಸ ಮಾಡುವ ಸಂಸ್ಥೆಯದ್ದಲ್ಲ. ನಿಯಮದ ಪುಟ ಮುಂದಿಟ್ಟರೆ ಹೆಚ್ಚಿನವರು ಸುಮ್ಮನಾಗುತ್ತಾರೆ. ಸಿಎಸ್‌ಆರ್-1 (ಆ ಹಣ ಪಡೆಯಲು ಬೇಕಾದ ನೋಂದಣಿ) ಮತ್ತು ಮೂರು ವರ್ಷದ ಕೆಲಸದ ದಾಖಲೆ ಇರುವುದು ನಮಗೆ, ಗುಂಪಿಗಲ್ಲ. ಕೊಡೆಯ ನಿಜವಾದ ಬೆಲೆ ಅಲ್ಲೇ. ಆದರೆ ಕಂಪನಿಯ ಕ್ಯಾಲೆಂಡರಿಗೂ ತೋಡಿನ ಕ್ಯಾಲೆಂಡರಿಗೂ ಸಂಬಂಧವೇ ಇಲ್ಲ. ಕಟ್ಟ ಹಾಕುವುದು ಹರಿವು ಇಳಿಯುವ ನವೆಂಬರ್ ಕೊನೆ, ಡಿಸೆಂಬರಿನಲ್ಲಿ. ಒಂದು ಕಂಪನಿಯ ಎರಡನೆಯ ಕಂತು ಬಂದದ್ದು ಮಾರ್ಚ್ 20ರ ನಂತರ. ತೋಡಿನಲ್ಲಿ ಆಗ ಕಟ್ಟಿ ನಿಲ್ಲಿಸಲು ಏನೂ ಉಳಿದಿರಲಿಲ್ಲ. ಅಷ್ಟರಲ್ಲಿ ನಾವು ಯಕ್ಷಗಾನದ ಹಣದಿಂದ ತೆಗೆದು ಕಟ್ಟಕ್ಕೆ ಹಾಕಿಯಾಗಿತ್ತು. ವೇಷಭೂಷಣದವರಿಗೆ ಕೊಡಬೇಕಾದಾಗ ಯ-1ರಲ್ಲಿ ದುಡ್ಡಿಲ್ಲ. ಪ್ರದರ್ಶನ ಮೂರು ವಾರ ಮುಂದೆ ಹೋಯಿತು, ಮಕ್ಕಳ ಪರೀಕ್ಷೆ ಅಡ್ಡ ಬಂತು. ಆ ಮೇಲೆ ಬಂದ ನಿಯಮ: ಯಾವ ಕೋಡೂ ಸೊನ್ನೆಗಿಂತ ಕೆಳಗೆ ಇಳಿಯಬಾರದು. ಸಾಲ ಬೇಕಿದ್ದರೆ ಟ್ರಸ್ಟಿನ ಸಾಮಾನ್ಯ ನಿಧಿಯಿಂದ ಮಾತ್ರ, ಅದೂ 40 ಸಾವಿರದವರೆಗೆ, ನಿರ್ಣಯದ ಮೇಲೆ. ವರ್ಷದ ಕೊನೆಗೆ ಬಂದು ಉಳಿದ ಹಣಕ್ಕೆ, ಮುಂದಿನ ವರ್ಷ ಖರ್ಚು ಮಾಡುತ್ತೇವೆ ಎಂದು ತಿಳಿಸುವ 9ಎ ಫಾರ್ಮ್ ಹಾಕಿದೆವು. ಕಂತನ್ನು ಅಕ್ಟೋಬರಿಗೇ ತರಿಸುವ ಉಪಾಯ ಒಂದು ನಮ್ಮಲ್ಲಿ ಉಂಟು, ಎರಡು ವರ್ಷದಿಂದ ಕೆಲಸ ಮಾಡಿದೆ. ಅದನ್ನು ಇಲ್ಲಿ ಬರೆದರೆ ಮುಂದಿನ ವರ್ಷ ಕೆಲಸ ಮಾಡಲಿಕ್ಕಿಲ್ಲ.

ಗಲ್ಫಿನ ಹಣ ನಮ್ಮ ಜಿಲ್ಲೆಯ ವಿಶೇಷ. ಮಗ ದುಬಾಯಿಯಲ್ಲಿ, ತೋಟ ಇಲ್ಲಿ, ಕಟ್ಟಕ್ಕೆ ಹತ್ತು ಸಾವಿರ ಕಳಿಸುತ್ತೇನೆ ಎನ್ನುತ್ತಾನೆ. ಭಾರತದ ಪಾಸ್‌ಪೋರ್ಟ್ ಇದ್ದು, ಸ್ವಂತ ಸಂಪಾದನೆಯನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಅಲ್ಲ. ಹೊರದೇಶದ ಪೌರತ್ವ ತೆಗೆದುಕೊಂಡವನು ಒಸಿಐ ಕಾರ್ಡ್ ಹಿಡಿದು ಬಂದರೂ ಅದು ವಿದೇಶಿ ದೇಣಿಗೆಯೇ, ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಪಡೆಯಲು ಸರಕಾರದ ನೋಂದಣಿ) ಇಲ್ಲದ ನಾವು ಮುಟ್ಟುವ ಹಾಗಿಲ್ಲ. ಬಂದ ಮೇಲೆ ವಾಪಸು ಕಳಿಸಿದರೂ ಸ್ವೀಕರಿಸಿದ್ದು ಸ್ವೀಕರಿಸಿದ್ದೇ. ಹಾಗಾಗಿ ಖಾತೆ ಸಂಖ್ಯೆ ಕೊಡುವ ಮೊದಲು ಪಾಸ್‌ಪೋರ್ಟಿನ ಮೊದಲ ಪುಟ ತರಿಸುತ್ತೇವೆ. "ಊರಿನವನನ್ನೇ ನಂಬುವುದಿಲ್ಲವಾ" ಎಂದು ಬೇಜಾರು ಮಾಡಿಕೊಂಡವರು ಉಂಟು. ಎಫ್‌ಸಿಆರ್‌ಎ ಇರುವ ದೊಡ್ಡ ಸಂಸ್ಥೆಯಿಂದ ಹಣ ದಾಟಿಸಿಕೊಳ್ಳುವ ದಾರಿ 2020ರ ಸೆಪ್ಟೆಂಬರಿನ ತಿದ್ದುಪಡಿಗೇ ಮುಚ್ಚಿದೆ, ಅದರ ಆಸೆ ಬಿಡಿ.

80ಜಿ, ಅಂದರೆ ದಾನ ಕೊಟ್ಟವರಿಗೆ ಸಿಗುವ ತೆರಿಗೆ ವಿನಾಯಿತಿ, ಈಗ ಮೊದಲಿನಷ್ಟು ಎಳೆಯುವುದಿಲ್ಲ. ಸಂಬಳದವರಲ್ಲಿ ಅನೇಕರು ಹೊಸ ತೆರಿಗೆ ಪದ್ಧತಿಯಲ್ಲಿದ್ದಾರೆ, ಅವರಿಗೆ ವಿನಾಯಿತಿಯೇ ಇಲ್ಲ. ಆದರೂ ಪ್ಯಾನ್ ಕೇಳಿಯೇ ಕೇಳುತ್ತೇವೆ, ಏಕೆಂದರೆ ಮೇ 31ಕ್ಕೆ 10ಬಿಡಿ (ದಾನಿಗಳ ಪಟ್ಟಿ) ಹಾಕುವಾಗ ಹುಡುಕಲು ಹೋದರೆ ಯಾರೂ ಫೋನ್ ಎತ್ತುವುದಿಲ್ಲ. ಪಟ್ಟಿ ತಡವಾದರೆ ದಿನಕ್ಕೆ 200 ರೂಪಾಯಿ ಕಟ್ಟಬೇಕು. ನಗದು 2 ಸಾವಿರ ದಾಟಿದರೆ 80ಜಿ ಸಿಗದು ಎಂದು ರಶೀದಿಯಲ್ಲೇ ಅಚ್ಚು ಹಾಕಿಸಿದ್ದೇವೆ.

ಪ್ರಯೋಗಗಳು ಕೆಲವು ಬಿದ್ದವು. ಯಕ್ಷಗಾನದ ರಂಗಸ್ಥಳದ ಪಕ್ಕ ಹುಂಡಿ ಇಟ್ಟೆವು. ಒಂದು ರಾತ್ರಿಗೆ 7 ಸಾವಿರ ಬಂತು, ಕೊಟ್ಟವರ ಹೆಸರಿಲ್ಲ, ವಿಳಾಸ ಇಲ್ಲ. ವರ್ಷದ ಅನಾಮಿಕ ದೇಣಿಗೆ 1 ಲಕ್ಷ ಅಥವಾ ಒಟ್ಟು ದೇಣಿಗೆಯ 5 ಶೇಕಡಾ, ಯಾವುದು ಹೆಚ್ಚೋ ಅದನ್ನು ದಾಟಿದರೆ ಮೇಲಿನದಕ್ಕೆ 30 ಶೇಕಡಾ ತೆರಿಗೆ. ನಾವು ದಾಟಲಿಲ್ಲ, ಆದರೂ ಹುಂಡಿ ತೆಗೆದು ಉದ್ದ ಪುಸ್ತಕ ಇಟ್ಟೆವು. ಹೆಸರು ಬರೆಯುವುದಾದರೆ ಜನ ಹತ್ತರ ಬದಲು ನೂರು ಹಾಕುತ್ತಾರೆ! ಪ್ರಾಜೆಕ್ಟಿಗೊಂದು ಕ್ಯೂಆರ್ ಮಾಡಿದ್ದು ಗೊಂದಲವಾಯಿತು, ಯಾರೋ ಮದಕದ ಕ್ಯೂಆರನ್ನು ವಾಚನಾಲಯದ ಬಾಗಿಲಿಗೆ ಅಂಟಿಸಿದರು. ಶ್ರಮದಾನಕ್ಕೆ ಬೆಲೆ ಕಟ್ಟಿ ಪುಸ್ತಕಕ್ಕೆ ಏರಿಸಿದ್ದನ್ನು ಆಡಿಟರ್ ಕೆಂಪು ಶಾಯಿಯಲ್ಲಿ ಹೊಡೆದರು. ಈಗ ಅದಕ್ಕೆ ಬೇರೆಯೇ ನೋಟ್‌ಬುಕ್ಕು, ಸಿಎಸ್‌ಆರ್‌ನವರಿಗೆ ತೋರಿಸಲು ಮಾತ್ರ. ಗೆದ್ದದ್ದು ಒಂದು: ಪ್ರತಿ ತಿಂಗಳ 5ಕ್ಕೆ ಏಳೂ ಕೋಡುಗಳ ಬಾಕಿಯನ್ನು ಎಲ್ಲ ಗುಂಪುಗಳ ವಾಟ್ಸಾಪಿಗೂ ಹಾಕುವುದು. ತನ್ನ ದುಡ್ಡು ಎಲ್ಲಿ ಎಂದು ಕೇಳುವ ಫೋನು ನಿಂತುಹೋಯಿತು.

ಹೊರಗೆ ಹೋಗುವ ದಾರಿ ಮೊದಲೇ ಬರೆದಿಡಿ. ಅಮೆರಿಕದಲ್ಲಿ ನೂರಾರು ಗುಂಪುಗಳಿಗೆ ಕೊಡೆ ಹಿಡಿದಿದ್ದ ಓಪನ್ ಕಲೆಕ್ಟಿವ್ ಫೌಂಡೇಶನ್ 2024ರ ಫೆಬ್ರವರಿಯಲ್ಲಿ ಮುಚ್ಚುವುದಾಗಿ ಹೇಳಿ ಅದೇ ಡಿಸೆಂಬರಿಗೆ ಮುಗಿಸಿತು, ಗುಂಪುಗಳು ಹೊಸ ಆಸರೆ ಹುಡುಕಬೇಕಾಯಿತು. ನಮ್ಮ ಒಪ್ಪಂದದಲ್ಲಿ ಎರಡೂ ಕಡೆಗೆ 90 ದಿನದ ನೋಟಿಸು. ನಮ್ಮ ಒಂದು ಕಟ್ಟದ ಗುಂಪು ಈಗ ಏಳು ಜನ ಸೇರಿಸಿ 1860ರ ಸೊಸೈಟಿ ನೋಂದಣಿ ಕಾಯ್ದೆಯಡಿ ಸೊಸೈಟಿ ಮಾಡಹೊರಟಿದೆ (ಮಲಬಾರ್ ಕಡೆಗೆ ಅದೇ ಕಾಯ್ದೆ, ತಿರುವಾಂಕೂರಿನವರ 1955ರದ್ದಲ್ಲ). ಅವರಿಗೆ ಉಳಿದ ಹಣ ದಾಟಿಸುವುದಕ್ಕಿಂತ ಇಲ್ಲೇ ಖರ್ಚು ಮಾಡಿ ಮುಗಿಸುವುದು ವಾಸಿ. 2023ರ ಏಪ್ರಿಲಿನಿಂದ ಇನ್ನೊಂದು ನೋಂದಾಯಿತ ಟ್ರಸ್ಟಿಗೆ ಕೊಟ್ಟದ್ದರಲ್ಲಿ 85 ಶೇಕಡಾ ಮಾತ್ರ ನಮ್ಮ ಖರ್ಚು ಎಂದು ಎಣಿಕೆಯಾಗುತ್ತದೆ, ಅವರಿಗಂತೂ 12ಎಬಿ ಇನ್ನೂ ಬಂದೇ ಇಲ್ಲ.

ಸೊತ್ತಿನ ಪಟ್ಟಿ ಬೇರೆ ಇಡಿ. ಪಂಪು, ಕಟ್ಟದ ಹಾಳೆ, ವಾಚನಾಲಯದ ಕಪಾಟು, ಚೆಂಡೆ, ಮದ್ದಳೆ, ಪ್ರತಿಯೊಂದಕ್ಕೂ ನಂಬ್ರ. ಮದ್ದಳೆಯ ನಂಬ್ರವನ್ನು ಮೊದಲು ಮುಚ್ಚಿಗೆಯ (ಬಡಿಯುವ ಚರ್ಮದ) ಅಂಚಿನಲ್ಲಿ ಬರೆದಿದ್ದೆವು. ಮಳೆಗಾಲ ಮುಗಿದು ಮುಚ್ಚಿಗೆ ಬದಲಿಸಿದಾಗ ನಂಬ್ರವೂ ಹೋಯಿತು. ಈಗ ಕಳಸೆಯ (ಮದ್ದಳೆಯ ಒಡಲಿನ) ಮರದ ಮೇಲೆ ಸಣ್ಣದಾಗಿ ಕೊರೆಸಿದ್ದೇವೆ: ಯ-1/4.