ಮಳೆಗಾಲದಲ್ಲಿ ಕೊಟ್ಟಿಗೆ ಕಟ್ಟಿದೆ, ಸಿಮೆಂಟ್ ಕಲ್ಲಾಗಲಿಲ್ಲ: ನನ್ನ ಅನುಭವ

ಮಲೆನಾಡಿನ ಹೊಸನಗರದ ಕಡೆ ಮಳೆಗಾಲ ಹಿಡಿದ ಮೇಲೆ ಯಾರೂ ಕಟ್ಟಡದ ಕೆಲಸಕ್ಕೆ ಕೈ ಹಾಕುವುದಿಲ್ಲ. ನಾನು ಹಾಕಿದೆ. ಹಳೆ ಕೊಟ್ಟಿಗೆಯ ಗೋಡೆ ವಾಲಿತ್ತು, ಏಪ್ರಿಲ್‌ನಲ್ಲೇ ಕೆಡವಿದ್ದೆವು. ಮೇಸ್ತ್ರಿ ಇವತ್ತು ನಾಳೆ ಅಂತ ಮೇ ಕೊನೆವರೆಗೆ ಎಳೆದರು. ಮನೆಗೆ ಬರುವ ಕೊನೆಯ ಅರ್ಧ ಕಿಲೋಮೀಟರ್ ಮಣ್ಣು ರಸ್ತೆ. ಮೃಗಶಿರ ಮಳೆ ಹಿಡಿಯಿತು ಅಂದರೆ ಲಾರಿ ಹಾಗಿರಲಿ, ಖಾಲಿ ಪಿಕಪ್ಪೂ ಹತ್ತುವುದಿಲ್ಲ. ಹಾಗಾಗಿ ಸಿಮೆಂಟ್, ಕಬ್ಬಿಣ, ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು), ಜಲ್ಲಿ, ಜಂಬಿಟ್ಟಿಗೆ (ಕೆಂಪು ಮುರ) ಕಲ್ಲು, ಮಾಡಿಗೆ ಅಂದರೆ ಚಾವಣಿಗೆ ಬೇಕಾದ ಪಕಾಸಿ, ರೀಪು ಎಲ್ಲವನ್ನೂ ಮೊದಲೇ ತಂದು ಇಳಿಸಿಕೊಂಡೆ. ಸಿಮೆಂಟೇ 80 ಚೀಲದ ಹತ್ತಿರ. ಚಿಕ್ಕಪ್ಪ ಬಂದು ನೋಡಿ ನಕ್ಕರು. "ಅಷ್ಟೂ ಕಲ್ಲಾಗ್ತದೆ ಮಾರಾಯ. ಆಮೇಲೆ ಜಂಬಿಟ್ಟಿಗೆ ಬೇಡ, ಚೀಲಾನೇ ಜೋಡಿಸಿ ಗೋಡೆ ಕಟ್ಟು."

ಅವರು ನಗುವುದಕ್ಕೂ ಕಾರಣ ಇತ್ತು. ಅದಕ್ಕೆ ಹಿಂದೆ ಅಡಿಕೆ ಕೋಣೆ ಕಟ್ಟುವಾಗ ಊರಲ್ಲಿ ಎಲ್ಲರೂ ಮಾಡುವ ಹಾಗೆಯೇ ಮಾಡಿದ್ದೆವು. ಒಂದು ವರಸೆ ಕಲ್ಲು, ಮೇಲೆ ಹಲಗೆ, ಹಲಗೆ ಮೇಲೆ ಚೀಲ, ಸುತ್ತ ನೆಲದವರೆಗೆ ಟಾರ್ಪಾಲ್ ಎಳೆದು ಅಂಚಿಗೆ ಕಲ್ಲು. ಮೇಲಿಂದ ಒಂದು ಹನಿ ಬಿದ್ದಿರಲಿಲ್ಲ. ಆದರೂ ಕೆಳಗಿನ ಎರಡು ವರಸೆ ಗಟ್ಟಿ. 14-15 ಚೀಲ ಹೋಯಿತು, ಆಗಿನ ರೇಟಿನಲ್ಲಿ ಐದೂವರೆ ಸಾವಿರ. ಆ ಚೀಲಗಳು ಈಗಲೂ ತೋಟದ ದಾರಿಯಲ್ಲಿ ಮೆಟ್ಟಿಲಾಗಿ ಬಿದ್ದಿವೆ.

ನೀರು ಬರುವುದು ಎಲ್ಲಿಂದ ಅಂತ ನೋಡಲು ಸುಮ್ನೆ ಒಂದು ಕೆಲಸ ಮಾಡಿದೆ. ಮಳೆ ಬಿಟ್ಟ ದಿನ, ಮೇಲ್ಗಡೆ ಒಣಗಿದಂತೆ ಕಾಣುವ ಕಣದ ಮಣ್ಣಿನ ಮೇಲೆ ಒಂದು ಮೊಳ ಪ್ಲಾಸ್ಟಿಕ್ ಹಾಳೆ ಹಾಸಿ ನಾಲ್ಕೂ ಅಂಚಿಗೆ ಮಣ್ಣು ಒತ್ತಿದೆ. ಬೆಳಗ್ಗೆ ಎತ್ತಿ ನೋಡಿದರೆ ಹಾಳೆಯ ಅಡಿ ಮೈ ಪೂರ್ತಿ ಹನಿ. ಬೆರಳಲ್ಲಿ ಗೀರಿದರೆ ಸೇರಿಕೊಂಡು ಹರಿಯುತ್ತಿತ್ತು. ಮೇಲಿನ ಮೈ ಮಾತ್ರ ಒಣ. ಟಾರ್ಪಾಲನ್ನು ನೆಲದವರೆಗೆ ಎಳೆದು ಮುಚ್ಚಿದರೆ ಈ ಹಬೆಯನ್ನು ನಾವೇ ಒಳಗೆ ಕೂಡಿಹಾಕಿದ ಹಾಗಾಗುತ್ತದೆ. ಬಿಸಿಲು ಬಿದ್ದಾಗ ಏಳುತ್ತದೆ, ರಾತ್ರಿ ತಣ್ಣಗಾದಾಗ ಚೀಲದ ಮೇಲೇ ಕೂರುತ್ತದೆ. ಇನ್ನು ಪುನರ್ವಸು, ಪುಷ್ಯ ಮಳೆ ಹೊತ್ತಿಗೆ ನಮ್ಮಲ್ಲಿ ಹಬೆ ಅಲ್ಲ, ನೆಲದಿಂದ ಜಲವೇ ಏಳುತ್ತದೆ. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಈ ಸಲ ಮೊದಲು ಜಾಗ ನೋಡಿದೆ. ಧರೆ, ಅಂದರೆ ಗುಡ್ಡ ಕಡಿದ ಮಣ್ಣಿನ ಗೋಡೆಯ ಬುಡ ಹತ್ತಿರ ಅಂತ ಎಲ್ಲರೂ ಅಲ್ಲೇ ಇಳಿಸುತ್ತಾರೆ. ಮಳೆಗಾಲದಲ್ಲಿ ಧರೆಯೇ ಜಿನುಗುತ್ತದೆ, ಅಲ್ವಾ? ಹತ್ತಿಪ್ಪತ್ತು ಅಡಿ ಈಚೆ ಬಂದು, ಧರೆ ಬದಿಗೆ ಒಂದೂವರೆ ಅಡಿ ಆಳದ ಬಸಿಗಾಲುವೆ ಹೊಡೆಸಿದೆ. ನೆಲಕ್ಕೆ ದಪ್ಪ ಪ್ಲಾಸ್ಟಿಕ್, ಅದು ಹರಿಯದಂತೆ ಮೇಲೊಂದು ಪದರ ಜಂಬಿಟ್ಟಿಗೆ ಚೂರು. ಅದರ ಮೇಲೆ ಎರಡೆರಡು ಕಲ್ಲು ಪೇರಿಸಿ ಕಂಬದ ಹಾಗೆ ನಿಲ್ಲಿಸಿ, ಅಡ್ಡಕ್ಕೆ ಅಡಿಕೆ ಮರ, ಮೇಲೆ ಅಡಿಕೆ ಮರ ಸೀಳಿದ ದಬ್ಬೆಯ ಅಟ್ಟ. ನೆಲದಿಂದ ಒಂದೂಕಾಲು ಅಡಿ ಎತ್ತರ ಬಂತು. ಮರ ನಮ್ಮ ತೋಟದ್ದೇ, ಬುಡ ಕೊಳೆತು ಬಿದ್ದವು. ಕಲ್ಲುಗಳ ನಡುವಿನ ಅಂತರ ಹೇಗೆ ಲೆಕ್ಕ ಹಾಕಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. 80 ಚೀಲ ಅಂದರೆ 4 ಟನ್. ಬೇಕಾದವರು ಬಂದು ಕೇಳಿ ತಿಳಿದುಕೊಳ್ಳಿ.

ಎಲ್ಲದಕ್ಕೂ ಒಂದೇ ಹೊದಿಕೆ ಸಾಕು ಅಂದುಕೊಂಡವರೇ ಜಾಸ್ತಿ. ಸಿಮೆಂಟಿಗೆ ಗಾಳಿ ಆಗುವುದಿಲ್ಲ, ಮರಕ್ಕೆ ಗಾಳಿ ಇಲ್ಲದೆ ಆಗುವುದಿಲ್ಲ. ಆರಿದ್ರಾ ಮಳೆಯ ಗಾಳಿಯಲ್ಲಿ ಉಪ್ಪಿನ ಭರಣಿಯೇ ನೀರಾಗುತ್ತದೆ, ಸಿಮೆಂಟ್ ಬಿಟ್ಟೀತೇ? ಅದಕ್ಕೆ ಅಟ್ಟದ ಮೇಲೆ ಮೊದಲು ಪ್ಲಾಸ್ಟಿಕ್ ಹಾಳೆ ಹಾಸಿ, ಚೀಲಗಳನ್ನು ಸಂದು ಬಿಡದೆ ಒತ್ತೊತ್ತಾಗಿ ಎಂಟು ವರಸೆ ಪೇರಿಸಿ, ಕಡುಬಿಗೆ ಬಾಳೆಲೆ ಮಡಚಿದ ಹಾಗೆ ನಾಲ್ಕೂ ಕಡೆಯಿಂದ ಹಾಳೆ ಮೇಲೆತ್ತಿ ಮುಚ್ಚಿದೆ. ಅಡಿಯಲ್ಲೂ ಹಾಳೆ ಇರುವುದರಿಂದ ನೆಲದ ಹಬೆ ಒಳಗೆ ಬರುವುದಿಲ್ಲ. ಇದರ ಮೇಲೆ ಮುಟ್ಟದ ಹಾಗೆ ಎರಡಡಿ ಬಿಟ್ಟು ಸಿಲ್ಪಾಲಿನ್ (ದಪ್ಪ ಪ್ಲಾಸ್ಟಿಕ್ ಟಾರ್ಪಾಲ್) ಮಾಡು ಕಟ್ಟಿದೆ. ಬಿಸಿಲು ನೇರ ಬೀಳದಿದ್ದರೆ ಒಳಗೆ ಬೆವರುವುದೂ ಇಲ್ಲ. ದಿನಕ್ಕೆ ಬೇಕಾದಷ್ಟನ್ನು ಒಂದೇ ತುದಿಯಿಂದ ತೆಗೆದು ಮತ್ತೆ ಮಡಚುವುದು. ಮೇಸ್ತ್ರಿಯ ಹುಡುಗರು ಎರಡು ದಿನ ಹಾಗೇ ಬಿಟ್ಟು ಹೋದರು. ಮೂರನೇ ದಿನದಿಂದ ಮಡಚುವ ಕೆಲಸ ನಾನೇ ಇಟ್ಟುಕೊಂಡೆ.

ಮರದ ಅಟ್ಟ ಬೇರೆ. ಮತ್ತಿ ಪಕಾಸಿ, ಹಲಸಿನ ತೊಲೆ. ವರಸೆ ವರಸೆಗೆ ಚಕ್ಕೆ ಕೊಟ್ಟು, ತಲೆ ಮೇಲೆ ಮಾತ್ರ ಮಾಡು, ಬದಿ ಪೂರ್ತಿ ತೆರೆದದ್ದು. ಗೆದ್ದಲಿಗೆ ಕಲ್ಲಿನ ಕಂಬಗಳ ಸುತ್ತ ಹಳೆ ಎಂಜಿನ್ ಆಯಿಲ್ ಹಚ್ಚುತ್ತೇವಲ್ಲ, ಅದಕ್ಕೆ ಇನ್ನೊಂದು ವಸ್ತು ಬೆರೆಸಿದೆ. ಅದು ಏನು ಅಂತ ಇನ್ನೊಂದು ಮಳೆಗಾಲ ನೋಡಿ ಹೇಳುತ್ತೇನೆ.

ಕಬ್ಬಿಣದ ರಾಡಿಗೆ ಸಿಮೆಂಟ್ ಹಾಲು ಬಳಿದು, ಒಂದು ತುದಿ ತಗ್ಗಾಗುವ ಹಾಗೆ ಓರೆಯಾಗಿ ಇಟ್ಟರೆ ಸಾಕು. ಎಂ-ಸ್ಯಾಂಡ್ ಮಾತ್ರ ಬರಿ ನೆಲಕ್ಕೆ ಸುರಿಯಬೇಡಿ, ಅಡಿಯ ಅರ್ಧ ಅಡಿ ಕೆಸರಿಗೇ ಸೇರುತ್ತದೆ. ಹಳೆ ಹಂಚನ್ನು ತೆಗೆದಿಟ್ಟಿದ್ದೆವು. ಅದಕ್ಕೆ ಮಳೆಯ ಭಯ ಇಲ್ಲ. ಆದರೆ ರಾಶಿ ಮೆತ್ತನೆ ನೆಲದಲ್ಲಿ ಒಂದು ಕಡೆ ಹೂತು, ಅಡಿಯ ಹಂಚು 40-50 ಒಡೆದವು. ಮಂಗಳೂರು ಹಂಚಿಗೂ ಅಡಿಪಾಯ ಬೇಕು ಅಂತ ಆಮೇಲೆ ಅಲ್ಲೂ ಜಂಬಿಟ್ಟಿಗೆ ಹಾಸಿದೆವು.

ನಡುವೆ ಕೆಲವು ಹುಚ್ಚಾಟ ಆಡಿದ್ದೂ ಉಂಟು. ಅಟ್ಟದ ಅಡಿಗೆ ಅಡಿಕೆ ಸಿಪ್ಪೆ ತುಂಬಿದರೆ ತೇವ ಹೀರುತ್ತದೇನೋ ಅಂತ ಒಂದು ಮೂಲೆಯಲ್ಲಿ ತುಂಬಿದೆ. ಹೀರಿತು, ಹಿಡಿದುಕೊಂಡೂ ಕೂತಿತು. ವಾರದೊಳಗೆ ಗೆದ್ದಲಿನ ಮಣ್ಣು ದಬ್ಬೆವರೆಗೆ ಏರಿತ್ತು. ಭತ್ತದ ಉಮಿ ಹಾಕಿದ ಕಡೆ ಇಲಿ ಬಂತು, ಒಂದು ಚೀಲದ ಮೂಲೆ ಕಡಿಯಿತು. ಗೊಬ್ಬರದ ಖಾಲಿ ಚೀಲದ ಒಳಗೆ ಸಿಮೆಂಟ್ ಚೀಲ ಇಳಿಸುವ ಉಪಾಯ ಚೆನ್ನಾಗಿಯೇ ಆಯಿತು. ಆದರೆ 50 ಕೆಜಿ ಎತ್ತಿ ಒಳಗೆ ಇಳಿಸುವವರು ಯಾರು? ನಾಲ್ಕು ಚೀಲಕ್ಕೇ ಸೊಂಟ ಹಿಡಿಯಿತು.

ಮಳೆ ಬಿಡುವು ಕೊಟ್ಟಾಗೆಲ್ಲ ಕೆಲಸ ನಡೆಯಿತು. ಅಡಿಪಾಯ, ಗೋಡೆ, ದನ ಕಟ್ಟುವ ಗೊಂತು ಮುಗಿಯುವಾಗ ಆಗಸ್ಟ್‌ನ ಆಶ್ಲೇಷ ಮಳೆ. ಕೊನೆಯ ಹತ್ತು ಚೀಲ ಒಡೆಯುವಾಗ ಮೇಸ್ತ್ರಿಗೆ ನಂಬಿಕೆ ಇರಲಿಲ್ಲ. ಅಡಿಯ ವರಸೆಯ ಚೀಲವನ್ನೇ ಆರಿಸಿ ಕೈ ತೂರಿಸಿದರು. ಒಳಗೆ ತಣ್ಣಗಿತ್ತು. ಒಂದೆರಡು ಉಂಡೆ ಸಿಕ್ಕಿತು, ಬೆರಳಲ್ಲಿ ಹಿಸುಕಿದರೆ ಪುಡಿ. ಒಂದು ಹಿಡಿ ಬಕೆಟ್ ನೀರಿಗೆ ಎಸೆದರು, ತೇಲಿ ನಿಧಾನ ಮುಳುಗಿತು. "ಅಡ್ಡಿಲ್ಲ" ಅಂದರು. ಅವರ ಬಾಯಲ್ಲಿ ಅಷ್ಟು ಬರುವುದೇ ಹೆಚ್ಚು. ಹಾಗಂತ ಎರಡೂವರೆ ತಿಂಗಳು ಹಳೆಯ ಸಿಮೆಂಟನ್ನು ನಾನು ಲಿಂಟಲ್‌ಗೆ ಹಾಕಿಸಲಿಲ್ಲ. ಹೊಸದಿದ್ದಾಗಲೇ ಆ ಕೆಲಸ ಮುಗಿಸಿ, ಉಳಿದದ್ದನ್ನು ಗಂಜಲದ ಕಾಲುವೆ, ಗೋಡೆಯ ಗಿಲಾಯಿಗೆ (ಗಾರೆಗೆ) ಬಳಸಿದೆವು.

ಹಾಳಾಗಿದ್ದು ಇಲಿ ಕಡಿದ ಆ ಒಂದು ಚೀಲ. ಖರ್ಚು ಹೇಳುವುದಾದರೆ ಸಿಲ್ಪಾಲಿನ್ ಎರಡಕ್ಕೆ ಐದು ಸಾವಿರದ ಹತ್ತಿರ, ನೆಲದ ಹಾಳೆ ಸಾವಿರ ಚಿಲ್ಲರೆ, ಕಾಲುವೆಗೂ ಅಟ್ಟಕ್ಕೂ ಆಳಿನ ಸಂಬಳ ಎರಡು ಸಾವಿರ. ಒಟ್ಟು ಎಂಟು ಸಾವಿರ ಅಂದುಕೊಳ್ಳಿ. ಆಗ ನರೇಗಾದಲ್ಲಿ (ಉದ್ಯೋಗ ಖಾತ್ರಿ) ಕೊಟ್ಟಿಗೆಗೆ ಸಿಗುತ್ತಿದ್ದ 57,000ದಲ್ಲಿ ಇದಕ್ಕೆ ಲೆಕ್ಕವೇ ಇರಲಿಲ್ಲ, ಕೈಯಿಂದ ಹಾಕಬೇಕಿತ್ತು. ಆದರೆ 80 ಚೀಲ ಸಿಮೆಂಟ್ ಅಂದರೆ 30 ಸಾವಿರದ ಮೇಲಾಯಿತು. ಸಿಲ್ಪಾಲಿನ್ ಎರಡೂ ಅಡಿಕೆ ಒಣಗಿಸುವಾಗ ಬಳಕೆಗೆ ಬಂದವು, ಜಂಬಿಟ್ಟಿಗೆ ಕಂಬ ಬಿಚ್ಚಿ ಗೊಬ್ಬರಗುಂಡಿಯ ಬದಿಗೆ ಕಟ್ಟಿಸಿದೆ. ಚಿಕ್ಕಪ್ಪನ ಮನೆಯಲ್ಲಿ ಈ ವರ್ಷ ಬಚ್ಚಲು ಕೆಲಸ ಇದೆ. ದಬ್ಬೆ ಅವರು ಒಯ್ದಿದ್ದಾರೆ.