ಸುಣ್ಣದ ಗೆರೆಯೊಳಗಿನ ಗಡ್ಡಿ

ಎರಡು ವರ್ಷದ ಹಿಂದೆ ಸುರಪುರ ತಾಲ್ಲೂಕಿನ ಹಳ್ಳಿಯೊಂದರ ಬೇಸಿಗೆ ಶಿಬಿರಕ್ಕೆ ನಾಟಕ ಕಲಿಸಲು ಹೋಗಿದ್ದೆ. ಆರರಿಂದ ಒಂಬತ್ತನೇ ತರಗತಿಯ 22 ಮಕ್ಕಳು. ಬಸವಸಾಗರ ಅಣೆಕಟ್ಟೆಯಿಂದ ನೀರು ಬಿಟ್ಟಾಗ ಕೃಷ್ಣೆ ಉಕ್ಕಿ, ನದಿಯ ನಡುಗಡ್ಡೆಯ ಊರಾದ ನೀಲಕಂಠರಾಯನಗಡ್ಡಿಯ ದಾರಿ ಮುಚ್ಚುತ್ತಿದ್ದ ಸುದ್ದಿ ಕೇಳಿಯೇ ಬೆಳೆದವರು. ‘ಗಡ್ಡ್ಯಾಗ ನಾವಷ್ಟ ಉಳದ್ರ ಏನ್ ಮಾಡೋದ್ರಿ ಸರ್?’ ಅಂದ ಒಬ್ಬ. ನಾಟಕ ಸಿಕ್ಕಿತು.

ಮಾತು ಬರೆದುಕೊಡಲಿಲ್ಲ. ಬೇವಿನ ಮರ ಒಳಗೆ ಬರುವಂತೆ ಸುಣ್ಣದ ಗೆರೆ ಎಳೆದೆ, ಅದೇ ಗಡ್ಡಿ. ಒಂದು ಕೊಡ ನೀರು, ಹತ್ತು ಜೋಳದ ರೊಟ್ಟಿ ಇಟ್ಟು ದೂರದ ಕಟ್ಟೆಯ ಮೇಲೆ ಕೂತೆ. (ಗೆರೆ ದಾಟಿ ಬಂದವರಿಗೆ ಕುಡಿಯುವ ನೀರು ಬೇರೆ ಇತ್ತು, ಏಪ್ರಿಲ್ ಬಿಸಿಲಲ್ಲಿ ಮಕ್ಕಳನ್ನು ಒಣಗಿಸಬಾರದು.)

ಮಕ್ಕಳು ಕೈ ಎತ್ತಿ ಮುಖಂಡನಾಗಿ ಆರಿಸಿದ್ದು ಎತ್ತರದ, ದೊಡ್ಡ ದನಿಯ ಹುಡುಗನನ್ನು. ಅವನು ರೊಟ್ಟಿ ಹಂಚಿದ್ದು ತನ್ನ ಗೆಳೆಯರಿಗೆ ಮೊದಲು. ಸಣ್ಣವರಿಗೆ ಚೂರು. ಒಬ್ಬ ಅಳತೊಡಗಿದ. ಎದ್ದು ಹೋಗಿ ನಾನೇ ಹಂಚಿಬಿಡಲೇ ಅನ್ನಿಸಿತು, ತಡೆದುಕೊಂಡೆ. ಅಷ್ಟರಲ್ಲಿ ಏಳನೇ ತರಗತಿಯ ಹುಡುಗಿಯೊಬ್ಬಳು ಕೊಡವನ್ನು ನೆರಳಿಗೆ ಎಳೆದು, ಹಸಿ ಬಟ್ಟೆ ಸುತ್ತಿ, ಸಣ್ಣವರಿಂದ ಹಿಡಿದು ತಲೆಗೊಂದು ಲೋಟ ಕೊಟ್ಟಳು. ಅವಳ ಅಪ್ಪ ಅವ್ವ ಬೆಂಗಳೂರಿಗೆ ಗುಳೆ ಹೋದವರು. ಇಬ್ಬರು ತಮ್ಮಂದಿರನ್ನು ಸಾಕುವ ಕೈ ಅದು.

ಮೂರನೇ ದಿನ ಮತ್ತೆ ಆರಿಸುತ್ತೇವೆ ಅಂದರು. ನಾನು ಹೇಳಿದ್ದು ಇಷ್ಟೇ: ಕೈ ಎತ್ತಬೇಡಿ, ಮುಚ್ಚಿದ ಗಡಿಗೆಯಲ್ಲಿ ಬೀಜ ಹಾಕಿ. ಅವನಿಗೆ ಹುಣಸೆಬೀಜ, ಅವಳಿಗೆ ಶೇಂಗಾ. ಅವನ ಗುಂಪಿನಲ್ಲೇ ಒಂಬತ್ತು ಜನ. ಬಿದ್ದ ಹುಣಸೆಬೀಜ ಏಳು. ಕೈ ಎತ್ತುವಾಗ ಪಕ್ಕದವನ ಕೈ ನೋಡುವ ಭಯ ಎಷ್ಟೆಂದು ನನಗೂ ಅಂದೇ ತಿಳಿದದ್ದು.

ಹುಡುಗ ಮುಖ ಊದಿಸಿಕೊಂಡ. ಸಂಜೆ ಪೆಸಿಫಿಕ್ ಸಾಗರದ ದ್ವೀಪದೇಶ ಟೊಂಗಾದ ಆರು ಹುಡುಗರ ನಿಜಸಂಗತಿ ಹೇಳಿದೆ. 1965ರಲ್ಲಿ ದೋಣಿ ಕೆಟ್ಟು ಆಟಾ ಎಂಬ ನಿರ್ಜನ ದ್ವೀಪ ಸೇರಿ, 15 ತಿಂಗಳು ಬದುಕಿದವರು. ಇಬ್ಬಿಬ್ಬರಾಗಿ ಪಾಳಿ ಹಾಕಿ ದುಡಿದರು, ಹೊತ್ತಿಸಿದ ಬೆಂಕಿ ಆರಗೊಡಲಿಲ್ಲ. ಜಗಳವಾಡಿದವರು ಸಿಟ್ಟಿಳಿಯುವವರೆಗೆ ಬೇರೆ ಬೇರೆ ಕಡೆ ಹೋಗಿ ಕೂರಬೇಕಿತ್ತು. ಮರುದಿನ ಹುಡುಗ ತಾನಾಗಿ ಬೇವಿನ ಬುಡಕ್ಕೆ ಹೋಗಿ ಕೂತ. ಅರ್ಧ ತಾಸಿಗೆ ಎದ್ದು ಬಂದು, ‘ಬೆಂಕಿ ನಾ ಕಾಯ್ತೀನಿ’ ಅಂದ. ಅದನ್ನು ಹಾಗೇ ದೃಶ್ಯ ಮಾಡಿದೆವು.

ಕೊನೆಗೆ ದೋಣಿಯಿಂದ ಇಳಿಯುವ ಅಧಿಕಾರಿಗೆ ನಾನು ಮಾತು ಬರೆದಿದ್ದೆ. ಮಕ್ಕಳು ಬೇಡ ಅಂದರು. ಬ್ಯಾಟರಿಯ ಬೆಳಕು ಬೀಳುತ್ತಲೇ ನೀರು ಹಂಚಿದ ಆ ಹುಡುಗಿ ಸಣ್ಣವರಿಂದ ತಲೆ ಎಣಿಸುತ್ತ ಬರುತ್ತಾಳೆ. ‘ಇಪ್ಪತ್ತೆರಡು. ಎಲ್ಲಾರೂ ಅದೀವ್ರಿ’ ಅಂದಲ್ಲಿಗೆ ಪರದೆ.